ಕೋಟಿನ ಹೂವಿನ ಅಧ್ಯಕ್ಷರು

ಕೊರಿಯಾದ ನಮ್ಮ ಡೇಜಾನ್ ಊರಿನಲ್ಲಿ ಒಬ್ಬ ಮನುಷ್ಯ ದೊಡ್ಡವನೋ ಚಿಕ್ಕವನೋ ಅಂತ ತಿಳ್ಕೊಳ್ಳೋಕೆ ಅವನ ಮುಖ ನೋಡಬೇಕಾಗಿಲ್ಲ, ಎದೆಯ ಎಡಭಾಗ ನೋಡಿದ್ರೆ ಸಾಕು. ಅಲ್ಲಿ ಹೂವಿದ್ರೆ ಗಣ್ಯ, ಇಲ್ಲದಿದ್ರೆ ಪ್ರೇಕ್ಷಕ. ಗಣ್ಯನಿಗೆ ಮುಂದಿನ ಸಾಲಿನ ಮೆತ್ತನೆ ಕುರ್ಚಿ, ಮುಚ್ಚಳ ತೆಗೆದಿಟ್ಟ ನೀರಿನ ಬಾಟಲಿ, ಮೈಕಿನಲ್ಲಿ ಹೆಸರು. ಪ್ರೇಕ್ಷಕನಿಗೆ ಕಂಬದ ಹಿಂದೆ ಜಾಗ. ಈ ಮಾತನ್ನ ನಾನು ಅಧಿಕಾರದಿಂದಲೇ ಹೇಳ್ತೀನಿ, ಯಾಕಂದ್ರೆ ನಮ್ಮ ವಾರ್ಡಿನ ಅಷ್ಟೂ ಎದೆಗಳಿಗೆ ಹೂವು ಕಟ್ಟಿ ಕಳಿಸೋಳು ನಾನೇ. ಮಾರ್ಕೆಟ್ ರಸ್ತೆ ಮೂಲೆಯ ಹೂವಿನಂಗಡಿ ನಂದು. ಒಂದು ಗುಲಾಬಿ, ಎರಡು ಎಲೆ, ಚೂರು ರಿಬ್ಬನ್, ಒಂದು ಪಿನ್ನು. ಇಷ್ಟರಲ್ಲಿ ಎಂಥವನನ್ನೂ ಅಧ್ಯಕ್ಷ ಮಾಡಿ ಕಳಿಸ್ತೀನಿ.

ಪ್ಯೋ ಮನ್‌ಸಿಕ್ ಅನ್ನೋ ಮನುಷ್ಯ ಅಧ್ಯಕ್ಷನಾಗಿದ್ದೂ ಹೀಗೇ.

ಅವನ ಮನೆ ನನ್ನ ಅಂಗಡಿ ಎದುರಿನ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ. ಜೀವಮಾನವೆಲ್ಲ ಬಿಸಿನೀರು ಹರಿಸಿ ಮನೆ ನೆಲ ಕಾಯಿಸೋ ಬಾಯ್ಲರ್ ರಿಪೇರಿ ಮಾಡ್ಕೊಂಡಿದ್ದೋನು. ಚಳಿಗಾಲದಲ್ಲಿ ಮನೆಯ ನೆಲ ಬೆಚ್ಚಗಾಗಲಿಲ್ಲ ಅಂದ್ರೆ ಇಡೀ ಬೀದಿ ಅವನ ಹೆಸರು ಹಿಡಿದು ಕೂಗ್ತಿತ್ತು. ವಯಸ್ಸಾಯ್ತು ಅಂತ ಕಂಪನಿಯವರು ಒಂದು ಗಾಜಿನ ಫಲಕ ಕೈಗಿಟ್ಟು ಮನೆಗೆ ಕಳಿಸಿದ್ರು. ಅಂದಿನಿಂದ ಸೋಫಾ ಬಿಟ್ಟು ಏಳಲಿಲ್ಲ. ಹೆಂಡತಿ ಓಕ್‌ಬುನ್ ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿ ಮನೆಗೆ ಬಂದ್ರೆ ಅದೇ ಸೋಫಾ, ಅದೇ ಭಂಗಿ.

"ರೀ, ಸೋಫಾಕ್ಕೂ ಸ್ವಲ್ಪ ವಿಶ್ರಾಂತಿ ಕೊಡ್ರೀ. ಎಲ್ಲಾದ್ರೂ ಹೋಗಿ ಬನ್ನಿ" ಅಂದ್ಲು ಒಂದಿನ.

ಹೋಗೋಕೆ ನಮ್ಮೂರಲ್ಲಿ ಜಾಗಕ್ಕೇನು ಬರ? ಬೇರೆ ಊರಿನವರು ಡೇಜಾನ್ ಅಂದ್ರೆ ಮಜಾ ಇಲ್ಲದ ಊರು ಅಂತ ಆಡ್ಕೋತಾರೆ. ಆ ಸಿಟ್ಟಿಗೇ ಇರಬೇಕು, ನಮ್ಮವರು ಬೆಳಗಾದ್ರೆ ಒಂದು ಕಾರ್ಯಕ್ರಮ ಇಟ್ಕೋತಾರೆ. ಒಂದು ಸಭಾಂಗಣದಲ್ಲಿ ರೋಬೋಟ್ ಬಗ್ಗೆ ಭಾಷಣ, ಇನ್ನೊಂದರಲ್ಲಿ ಪಿಟೀಲು ಕಚೇರಿ, ಮತ್ತೊಂದರಲ್ಲಿ ಬಡವರಿಗೆ ಕಂಬಳಿ ಹಂಚಿಕೆ. ಪ್ರವೇಶ ಉಚಿತ. ಬಂದವರಿಗೆ ಕಿಂಬಾಪ್ ಅನ್ನೋ ಅನ್ನದ ಸುರುಳಿಯ ಡಬ್ಬಿ, ಹೋಗುವಾಗ ಕಾರ್ಯಕ್ರಮದ ಹೆಸರು ಅಚ್ಚು ಹಾಕಿದ ಟವೆಲ್. ಮನ್‌ಸಿಕಣ್ಣ ಕಂಬದ ಹಿಂದೆ ಕೂತು, ಡಬ್ಬಿ ತಿಂದು, ಒಂದು ನಿದ್ದೆ ತೆಗೆದು, ಟವೆಲ್ ಹೊತ್ತು ಮನೆಗೆ ಬರ್ತಿದ್ದ. ಹೆಂಡತಿಗೂ ಸಮಾಧಾನ, ಸೋಫಾಕ್ಕೂ ಸಮಾಧಾನ.

ಎಡವಟ್ಟಾಗಿದ್ದು ವಸಂತದಲ್ಲಿ, ಅವನ ಅಣ್ಣನ ಮಗಳ ಮದುವೆ ದಿನ. ಅಣ್ಣ ತೀರಿಕೊಂಡಿದ್ರಿಂದ ಹುಡುಗಿಯ ಅಪ್ಪನ ಜಾಗದಲ್ಲಿ ಇವನೇ ನಿಂತಿದ್ದ. ಅಪ್ಪನ ಜಾಗ ಅಂದ್ಮೇಲೆ ಕೋಟಿಗೆ ಹೂವು ಬೇಕೇ ಬೇಕು. ಬಂದವರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕಾರ ಮಾಡೋದ್ರಲ್ಲೇ ಊಟ ತಪ್ಪಿಹೋಯ್ತು. ಹೊಟ್ಟೆ ಚುರುಗುಟ್ಟಿಕೊಂಡು ವಾಪಸ್ ಬರುವಾಗ ಒಂದು ಕಡೆ ಬ್ಯಾನರ್ ಕಾಣಿಸ್ತು: 'ಕೃತಕ ಬುದ್ಧಿಮತ್ತೆ ಮತ್ತು ನಮ್ಮ ನಾಳೆ'. ನಾಳೆಯ ವಿಷಯ ಹಾಗಿರಲಿ, ಇವತ್ತಿನ ಕಿಂಬಾಪ್ ಸಿಗುತ್ತಲ್ಲ ಅಂತ ಒಳಗೆ ನುಗ್ಗಿದ. ಎದೆಯ ಹೂವು ತೆಗೆಯೋದು ಮರೆತೇಹೋಗಿತ್ತು.

ಬಾಗಿಲಲ್ಲಿದ್ದ ಹುಡುಗಿ ಹೂವು ನೋಡಿದ್ಲು, ಮುಖ ನೋಡಲಿಲ್ಲ. ಸೊಂಟ ಬಗ್ಗಿಸಿ "ಬನ್ನಿ ಸಾರ್, ಈ ಕಡೆ ಬನ್ನಿ" ಅಂತ ನೇರ ಮುಂದಿನ ಸಾಲಿಗೆ ಕರ್ಕೊಂಡು ಹೋಗಿ ಕೂರಿಸಿದ್ಲು. ಇವನು ಕಿಂಬಾಪ್ ಮುಂದಿನ ಸಾಲಿನಿಂದ ಹಂಚ್ತಾರೇನೋ ಅಂದ್ಕೊಂಡ.

ಆ ದಿನದ ನಿರೂಪಕ ಮೇಂಗ್ ಅಂತ, ವಾರ್ಡ್ ಕಚೇರಿಯ ಅಧಿಕಾರಿ. ನಮ್ಮ ಕಡೆ ಯಾವ ಕಾರ್ಯಕ್ರಮವಾದ್ರೂ ಮೊದಲು ಗಣ್ಯರ ಪರಿಚಯ. ಒಬ್ಬೊಬ್ಬರ ಹೆಸರು, ಹುದ್ದೆ ಮೈಕಿನಲ್ಲಿ ಓದಬೇಕು, ಅವರು ಎದ್ದು ಹಿಂದೆ ತಿರುಗಿ ಬಗ್ಗಬೇಕು, ಜನ ಚಪ್ಪಾಳೆ ತಟ್ಟಬೇಕು. ಒಬ್ಬನ ಹೆಸರು ಬಿಟ್ಟುಹೋದ್ರೂ ನಿರೂಪಕನ ಕಥೆ ಮುಗೀತು. ಮೇಂಗ್ ಹಿಂದೊಂದು ಸಲ ಯಾರದೋ ಹೆಸರು ಬಿಟ್ಟು ಕಸದ ವಿಭಾಗಕ್ಕೆ ಎತ್ತಂಗಡಿಯಾಗಿ, ಬೇಸಿಗೆಯೆಲ್ಲ ಮೂಗು ಮುಚ್ಕೊಂಡು ಕಳೆದು ಬಂದೋನು. ಮುಂದಿನ ಸಾಲಿನಲ್ಲಿ ಗುರುತಿಲ್ಲದ ಮುಖ ಕಂಡ್ರೆ ಅವನ ಎದೆ ಧಸಕ್ ಅನ್ನುತ್ತೆ. ಓಡೋಡಿ ಬಂದು ಮಂಡಿಯೂರಿ ಕೂತ.

"ಸಾರ್, ತಮ್ಮ ಹೆಸರು...?"

"ಪ್ಯೋ ಮನ್‌ಸಿಕ್."

"ಗೊತ್ತು ಸಾರ್, ಗೊತ್ತು! ತಮ್ಮ ಹೆಸರು ಕೇಳದವರು ಯಾರಿದ್ದಾರೆ? ತಾವು ಈಗ ಯಾವ ಕಡೆ...?"

"ಬಾಯ್ಲರ್ ಕಡೆ. ಈಗೇನಿಲ್ಲ, ಬಿಟ್ಟುಬಿಟ್ಟೆ."

"ಇಂಧನ ಕ್ಷೇತ್ರ! ಬಿಟ್ರೂ ಸಲಹೆಗಾರರಾಗಿ ಇದ್ದೇ ಇರ್ತೀರಲ್ಲ ಸಾರ್?"

"ಸಲಹೆ ಅಂದ್ರೆ... ಯಾರಾದ್ರೂ ಕೇಳಿದ್ರೆ ಹೇಳ್ತೀನಪ್ಪ."

ಅಷ್ಟೇ. ಹುದ್ದೆ ಸರಿಯಾಗಿ ಗೊತ್ತಿಲ್ಲದ ದೊಡ್ಡವರೆಲ್ಲ ನಮ್ಮೂರಲ್ಲಿ ಅಧ್ಯಕ್ಷರೇ. ಮೇಂಗ್ ಮೈಕ್ ಹಿಡಿದು "ಇಂಧನ ಕ್ಷೇತ್ರದ ಹಿರಿಯ ಸಲಹೆಗಾರರು, ಪ್ಯೋ ಮನ್‌ಸಿಕ್ ಅಧ್ಯಕ್ಷರು!" ಅಂತ ಘೋಷಿಸಿಬಿಟ್ಟ. ಪಕ್ಕದವರು ಮೊಣಕೈಯಲ್ಲಿ ತಿವಿದ್ರು, ಇವನು ಎದ್ದ, ತಿರುಗಿದ, ಬಗ್ಗಿದ. ಸಭಾಂಗಣ ತುಂಬ ಚಪ್ಪಾಳೆ. ಪಾಪ, ಜನ ಅವನ ಹೆಸರು ಕೂಗ್ತಿದ್ದಿದ್ದು ನೆಲ ತಣ್ಣಗಾದಾಗ ಮಾತ್ರ, ಅದೂ ಬೈಗುಳದ ಜೊತೆ. ಚಪ್ಪಾಳೆ ಜೊತೆ ತನ್ನ ಹೆಸರು ಕೇಳಿದ್ದು ಅವತ್ತೇ ಮೊದಲು. ಮುಖವೆಲ್ಲ ಕೆಂಪಾಗಿತ್ತಂತೆ.

ಪರಿಚಯ ಮುಗಿದ ಮೇಲೆ ಗಣ್ಯರೆಲ್ಲ ವೇದಿಕೆ ಹತ್ತಿ ಮುಷ್ಟಿ ಎತ್ತಿ, ಜೈ ಅನ್ನೋ ಹಾಗೆ "ಫೈಟಿಂಗ್!" ಅಂತ ಫೋಟೋ ತೆಗೆಸ್ಕೊಂಡ್ರು. ಆಮೇಲೆ ವಿಜ್ಞಾನಿ ಬಂದು ಮೈಕ್ ಸರಿಮಾಡ್ಕೊಂಡು ಬಾಯಿ ತೆರೆದ ಕೂಡ್ಲೇ ಮುಂದಿನ ಸಾಲು ಪೂರ್ತಿ ಎದ್ದು ಹೊರಗೆ ಹೋಯ್ತು. ಹೊರಗೆ ಟಾಕ್ ಅಧ್ಯಕ್ಷರು ಎರಡೂ ಕೈ ಚಾಚಿ ಎಲ್ಲರನ್ನೂ ಕಾರಿಗೆ ತುಂಬ್ತಿದ್ರು. ಈ ಟಾಕ್ ನಮ್ಮ ವ್ಯಾಪಾರಿ ಸಂಘದ ಅಧ್ಯಕ್ಷ, ಹಂದಿ ಪಕ್ಕೆಲುಬಿನ ಸಾರಿಗೆ ಹೆಸರಾದ ಹೋಟೆಲ್ ಮಾಲೀಕ. ಊರಿನ ಯಾವ ಕಾರ್ಯಕ್ರಮವಾದ್ರೂ ಗಣ್ಯರು ಕೊನೆಗೆ ಬಂದು ಸೇರೋದು ಇವನ ಹೋಟೆಲಿಗೇ. ಕಿಂಬಾಪ್ ಹುಡುಕ್ಕೊಂಡು ಹೋದ ಮನ್‌ಸಿಕಣ್ಣ ಅವತ್ತು ಬಿಸಿ ಬಿಸಿ ಸಾರು ಕುಡಿದು ಬಂದ.

ಎರಡು ದಿನ ಬಿಟ್ಟು ನನ್ನ ಅಂಗಡಿಗೆ ಬಂದು ಸುಮ್ನೆ ಹೂವು ಮೂಸ್ತಾ ನಿಂತ.

"ಏನ್ ಬೇಕು ಮನ್‌ಸಿಕಣ್ಣ?"

"ಒಂದು ಕೋಟಿನ ಹೂವು ಕೊಡಮ್ಮ."

"ಮತ್ತೆ ಯಾರ ಮದುವೆ?"

"ಮದುವೆ ಅಲ್ಲ. ಕೋಟು ಯಾಕೋ ಬರಿದು ಬರಿದಾಗಿ ಕಾಣುತ್ತೆ."

ಕೋಟು ಬರಿದಾಗಿ ಕಾಣೋ ಕಾಯಿಲೆ ಒಂದು ಸಲ ಹತ್ತಿದ್ರೆ ಬಿಡೋದಲ್ಲ. ವಾರಕ್ಕೊಂದು ಹೂವು ಹೋಗಿ ಎರಡಾಯ್ತು, ಎರಡು ಹೋಗಿ ದಿನಾ ಆಯ್ತು. ರೋಬೋಟ್ ಭಾಷಣಕ್ಕೂ ಮನ್‌ಸಿಕ್ ಅಧ್ಯಕ್ಷರು, ಪಿಟೀಲಿಗೂ ಮನ್‌ಸಿಕ್ ಅಧ್ಯಕ್ಷರು, ಕಂಬಳಿಗೂ ಮನ್‌ಸಿಕ್ ಅಧ್ಯಕ್ಷರು. ನೀನು ಯಾರಪ್ಪ ಅಂತ ಒಬ್ಬ ಗಂಡಸಾದ್ರೂ ಕೇಳಬೇಕಲ್ಲ? ಕೇಳಲಿಲ್ಲ. ವಾರ್ಡ್ ಕಚೇರಿಯವರು ಇವನನ್ನ ಸಂಶೋಧನಾ ಕೇಂದ್ರದವನು ಅಂದ್ಕೊಂಡ್ರು. ಸಂಶೋಧನಾ ಕೇಂದ್ರದವರು ವಾರ್ಡಿನ ಕಡೆಯವನು ಅಂದ್ಕೊಂಡ್ರು. ಸಂಗೀತದವರು ಹಣವಂತ ಅಂದ್ಕೊಂಡ್ರು, ಟಾಕ್ ಅಂತೂ ಮೇಲಿನವರ ಬಲ ಇರೋನು ಅಂತಲೇ ನಂಬಿದ್ದ. ಗೊತ್ತಿಲ್ಲ ಅಂತ ಒಪ್ಕೊಂಡ್ರೆ ತನಗೇ ಅವಮಾನ ಅಂತ ಪ್ರತಿಯೊಬ್ಬರೂ ಗೊತ್ತಿರೋರ ಹಾಗೆ ನಗ್ತಿದ್ರು.

ಆಮೇಲೆ ಭಾಷಣಕ್ಕೂ ಕರೆಯೋಕೆ ಶುರು ಮಾಡಿದ್ರು. ಮನ್‌ಸಿಕಣ್ಣನಿಗೆ ಬರ್ತಿದ್ದಿದ್ದು ಒಂದೇ ಭಾಷಣ. "ಕಾಲ ಬದಲಾಗ್ತಿದೆ. ಹೊರಗೆ ಎಷ್ಟೇ ಚಳಿ ಇರಲಿ, ನಾವು ಒಳಗೆ ಬೆಚ್ಚಗಿರಬೇಕು. ಒತ್ತಡ ಹೆಚ್ಚಾದಾಗ ನಿಧಾನಕ್ಕೆ ಬಿಡಬೇಕು. ಧನ್ಯವಾದ." ಇದು ಬಾಯ್ಲರ್ ಜೊತೆ ಬರೋ ಸೂಚನೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೆ ರೋಬೋಟ್ ಸಭೆಯಲ್ಲಿ ಒಬ್ಬ ಯುವಕ ಇದನ್ನ ಬರ್ಕೊಂಡನಂತೆ. ಪಿಟೀಲು ಕಚೇರಿಯಲ್ಲಿ ಒಬ್ಬಳು ಕಣ್ಣೊರೆಸ್ಕೊಂಡಳಂತೆ.

ಹೆಂಡತಿಗೆ ಇದ್ಯಾವುದೂ ತಿಳಿಯದು. ಅವಳಿಗೆ ಮನೆಗೆ ಬರೋ ಟವೆಲ್ ಮಾತ್ರ ಗೊತ್ತು. ಅವಳ ತಲೆಯಲ್ಲಿ ಬೇರೆಯದೇ ಓಡ್ತಿತ್ತು.

ಓಕ್‌ಬುನ್‌ಗೆ ಚಿಕ್ಕಂದಿನಿಂದ ಹಾಡಿನ ಹುಚ್ಚು. ಅಪ್ಪ ಹಾಡೋಕೆ ಬಿಡಲಿಲ್ಲ, ಆಮೇಲೆ ಹೊಟ್ಟೆಪಾಡು ಬಿಡಲಿಲ್ಲ. ದೊಡ್ಡ ಪಾತ್ರೆ ತಿಕ್ಕುವಾಗ ಪಾತ್ರೆಯೊಳಗೆ ತಲೆಯಿಟ್ಟು ಹಾಡ್ಕೊಳ್ಳೋಳು. ಅಲ್ಲಿ ದನಿ ಚೆನ್ನಾಗಿ ಕೇಳುತ್ತೆ ಅಂತ. ನಮ್ಮ ವಾರ್ಡಿನ ಅಮ್ಮಂದಿರ ಗಾಯನ ಗುಂಪಿಗೆ ನಾನೇ ಅವಳನ್ನ ಎಳ್ಕೊಂಡು ಹೋಗಿ ಸೇರಿಸಿದ್ದೆ. ಡಿಸೆಂಬರ್ ಕಚೇರಿಯಲ್ಲಿ ಕೊನೆಯ ಹಾಡನ್ನ ಅವಳೊಬ್ಬಳೇ ಹಾಡಬೇಕು ಅಂತ ಸಂಗೀತದ ಮೇಷ್ಟ್ರಮ್ಮ ಹೇಳಿದಾಗ, ನನ್ನ ಅಂಗಡಿಗೆ ಓಡಿ ಬಂದು ಬಕೆಟ್ ಮೇಲೆ ಕೂತು ಅತ್ತುಬಿಟ್ಲು. ಒಂದೇ ಭಯ ಅವಳಿಗೆ: ಎರಡನೇ ಚರಣ ಬಂದ ಕೂಡ್ಲೇ ತಲೆ ಖಾಲಿಯಾಗುತ್ತೆ. ಮನೆಯಲ್ಲಿ ಗಂಡನ ಮುಖ ನೋಡ್ಕೊಂಡು ಹಾಡಿದಾಗ ಮಾತ್ರ ಮರೆಯಲ್ಲ.

"ರೀ, ಅವತ್ತು ಮುಂದಿನ ಸಾಲಿನಲ್ಲಿ, ನಡುಮಧ್ಯೆ ಕೂತ್ಕೋಬೇಕು ನೀವು. ಆ ಕಡೆ ಈ ಕಡೆ ಅಲ್ಲಾಡಬಾರದು. ಇನ್ನೇನೂ ಕೇಳಲ್ಲ ನಿಮ್ಮನ್ನ."

"ಮುಂದಿನ ಸಾಲು ತಾನೇ? ಅದು ನನಗೆ ಬಿಡು" ಅಂದ ಮನ್‌ಸಿಕಣ್ಣ, ಎದೆ ಉಬ್ಬಿಸಿ.

"ಹಾಗೇ ಆ ಬಾಯ್ಲರ್ ನೋಡ್ರೀ. ಗೊರಗೊರ ಅಂತಿದೆ."

"ನೋಡ್ತೀನಿ, ನೋಡ್ತೀನಿ. ಇವತ್ತೊಂದು ಕೆಲಸ ಇದೆ."

ಆ ಕೆಲಸ ಏನಪ್ಪ ಅಂದ್ರೆ ಬಡವರಿಗೆ ಚಳಿಗಾಲಕ್ಕೆ ಕಿಮ್ಚಿ, ಅಂದ್ರೆ ಎಲೆಕೋಸಿನ ಖಾರದ ಉಪ್ಪಿನಕಾಯಿ, ಹಾಕಿ ಹಂಚೋ ದಾನದ ಕಾರ್ಯಕ್ರಮ. ವಾರ್ಡ್ ಕಚೇರಿ ಮೈದಾನದಲ್ಲಿ ಬೆಟ್ಟದಷ್ಟು ಎಲೆಕೋಸು. ಹಿಂದಿನ ಸಾಲಿನ ಮೇಜುಗಳಲ್ಲಿ ನಮ್ಮ ಗಾಯನ ಗುಂಪಿನ ಹೆಂಗಸರು, ಹಾಡೋಕೆ ಬಾರದ ನಾನೂ ಜೊತೆ ಸೇರಿ, ಬೆಳಗಿನಿಂದ ಸೊಂಟ ಮುರ್ಕೊಂಡು ಮಸಾಲೆ ಹಚ್ತಿದ್ವಿ. ಹೊತ್ತೇರಿದ ಮೇಲೆ ಗಣ್ಯರು ಬಂದ್ರು. ಹೊಸ ಏಪ್ರನ್, ಕೆಂಪು ರಬ್ಬರ್ ಕೈಗವಸು, ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಏಪ್ರನ್ ಮೇಲೆ ಹೂವು. ಮುಖ ಕಾಣದಿದ್ರೂ ಅವರಲ್ಲಿ ಕುಳ್ಳನೊಬ್ಬನ ಹೂವು ಕಂಡೇ ನನಗೆ ಗುರುತು ಸಿಕ್ತು. ಬೆಳಗ್ಗೆ ಮನ್‌ಸಿಕಣ್ಣನಿಗೆ ಅಂತಲೇ ನಾನು ಕಟ್ಟಿಕೊಟ್ಟಿದ್ದಲ್ವಾ!

ಗಣ್ಯರು ಒಂದೊಂದು ಕೋಸು ಹಿಡ್ಕೊಂಡು ಕ್ಯಾಮೆರಾ ನೋಡ್ತಾ ಮಸಾಲೆ ಸವರ್ತಿದ್ರು. ಓಕ್‌ಬುನ್ ತಲೆಯೆತ್ತಿ ನೋಡಿದ್ಲು. ಅವಳಿಗೆ ಅಡುಗೆ ಕೆಡಿಸೋರನ್ನ ಕಂಡ್ರೆ ಮೈ ಉರಿಯುತ್ತೆ.

"ಏನಮ್ಮಾ ಅದು? ಆ ಕುಳ್ಳ ಗಣ್ಯರಿಗೆ ಯಾರಾದ್ರೂ ಹೇಳ್ರೇ! ಎಲೆ ಎಲೆ ಬಿಡಿಸಿ ಒಳಗೆ ಹಚ್ಚಬೇಕು. ಅದೇನು ಮದುಮಗಳ ಕೆನ್ನೆಗೆ ಪೌಡರ್ ಹಾಕಿದ ಹಾಗೆ!"

ಕುಳ್ಳ ಗಣ್ಯರು ಆ ದನಿ ಕೇಳಿ ಕಲ್ಲಾದ್ರು. ಕೈಲಿದ್ದ ಕೋಸು ಜಾರಿ ಟಾಕ್ ಅಧ್ಯಕ್ಷರ ಬೂಟಿನ ಮೇಲೆ ಬಿತ್ತು. ನಾನು ಮಸಾಲೆ ಕೈಯಲ್ಲೇ ಬಾಯಿ ಮುಚ್ಕೊಂಡು ನಕ್ಕು, ತುಟಿಯೆಲ್ಲ ಉರಿ ಹತ್ತಿಸ್ಕೊಂಡೆ.

ಮನೆಗೆ ಹೋದ ಮೇಲೆ ನಡೆದ ಮಾತುಕತೆಯನ್ನ ಓಕ್‌ಬುನ್ನೇ ಆಮೇಲೆ ನನಗೆ ಹೇಳಿದ್ದು.

"ರೀ, ಇವತ್ತೊಬ್ಬ ಪೆದ್ದ ಬಂದಿದ್ದ ನೋಡಿ, ಗಣ್ಯನಂತೆ! ಕೋಸು ಹಿಡಿಯೋಕೆ ಬರಲ್ಲ ಅವನಿಗೆ."

"ಹಾಗನ್ನಬಾರದು ಕಣೇ. ದೊಡ್ಡ ಮನುಷ್ಯರಿಗೆ ನೂರೆಂಟು ತಲೆನೋವಿರ್ತವೆ."

"ಅವನ ಹೆಂಡತಿ ಪುಣ್ಯಾತ್ಗಿತ್ತಿ, ಹೇಗೆ ಬಾಳ್ತಾಳೋ!"

"ಅವಳೂ... ಒಳ್ಳೆಯವಳೇ ಇರಬೇಕು" ಅಂದನಂತೆ, ಟವೆಲ್ಲಿನಲ್ಲಿ ಬೆವರು ಒರೆಸ್ಕೊಂಡು.

ಹಾಡಿನ ಕಚೇರಿ ದಿನ ಬಂತು. ಬೆಳಗ್ಗೆಯೇ ಮನ್‌ಸಿಕಣ್ಣ ಅಂಗಡಿಗೆ ಹಾಜರು. "ದೊಡ್ಡದೊಂದು ಹೂವು ಮಾಡಿಕೊಡು. ಇವತ್ತು ಮುಂದಿನ ಸಾಲು ತಪ್ಪಬಾರದು. ಅವಳು ನನ್ನ ಮುಖ ನೋಡ್ಕೊಂಡು ಹಾಡಬೇಕು."

"ಮನ್‌ಸಿಕಣ್ಣ, ಹೂವಿಲ್ಲದೆ ಒಂದು ಗಂಟೆ ಮೊದಲೇ ಹೋಗಿ ಎರಡನೇ ಸಾಲಿನಲ್ಲಿ ಕೂತ್ರೆ ಸಾಲದಾ?"

"ಎರಡನೇ ಸಾಲಾ?" ಅಂದ. ಎರಡನೇ ಸಾಲು ಅನ್ನೋದು ಬೇರೆ ದೇಶ, ಅಲ್ಲಿಗೆ ಹೋಗೋಕೆ ವೀಸಾ ಬೇಕು ಅನ್ನೋ ಹಾಗಿತ್ತು ಮುಖ. ಮಾಡಿಕೊಟ್ಟೆ. ಅಂಗೈ ಅಗಲದ ಬಿಳಿ ಹೂವು, ಬಂಗಾರದ ರಿಬ್ಬನ್.

ಸಭಾಂಗಣ ಸಂಜೆವರೆಗೆ ಮಾತ್ರ ನಮ್ಮದು. ಆಮೇಲೆ ಟೇಕ್ವಾಂಡೋ ಮಕ್ಕಳ ಬಹುಮಾನ ಸಮಾರಂಭ. ನಾನು ಹೂವಿನ ಸ್ಟ್ಯಾಂಡುಗಳನ್ನ ಜೋಡಿಸಿ ಪಕ್ಕದ ಗೋಡೆಗೆ ಒರಗಿ ನಿಂತಿದ್ದೆ. ವೇದಿಕೆ ಮೇಲೆ ನಮ್ಮ ಹೆಂಗಸರು ಹಬ್ಬದ ಉಡುಗೆ ಹನ್‌ಬೋಕ್ ಉಟ್ಟು ಮೂರು ಸಾಲಾಗಿ ನಿಂತಿದ್ರು. ಓಕ್‌ಬುನ್ ಕೆಳಗೆ ನೋಡಿದ್ಲು. ಮುಂದಿನ ಸಾಲಿನ ನಡುಮಧ್ಯೆ ಗಂಡ! ಹೇಗೆ ಗಿಟ್ಟಿಸಿದನೋ ಜಾಗ, ನನಗೋಸ್ಕರ, ಅಂತ ಅವಳ ಮುಖ ಅರಳಿತು. ಗಂಡನೂ ಕೈ ಬೀಸಿದ. ಅವರಿಬ್ಬರನ್ನ ನೋಡಿ ನನಗೂ ಸಂತೋಷವಾಯ್ತು. ಆ ಸಂತೋಷ ಮೇಂಗ್ ಮೈಕ್ ಹಿಡಿಯೋವರೆಗೆ ಇತ್ತು.

"ಇಂಧನ ಕ್ಷೇತ್ರದ ಹಿರಿಯ ಸಲಹೆಗಾರರು, ವಿಜ್ಞಾನ, ಸಂಗೀತ ಮತ್ತು ಕಿಮ್ಚಿ ಸೇವೆಯಲ್ಲಿ ಹೆಸರಾದ, ಪ್ಯೋ ಮನ್‌ಸಿಕ್ ಅಧ್ಯಕ್ಷರು!"

ಮನ್‌ಸಿಕಣ್ಣ ಅಭ್ಯಾಸಬಲದಿಂದ ಎದ್ದು ತಿರುಗಿ ಬಗ್ಗಿದ. ಬಗ್ಗಿ ಎದ್ದು ವೇದಿಕೆ ಕಡೆ ನೋಡಿದ. ಓಕ್‌ಬುನ್ ಬಾಯಿ ತೆರೆದಿತ್ತು, ಹಾಡೋಕಲ್ಲ. ಪಕ್ಕದವಳು "ನಿನ್ನ ಗಂಡ ಅಧ್ಯಕ್ಷನೇನೇ?" ಅಂತ ಪಿಸುಗುಟ್ಟಿದ್ದು ಗೋಡೆ ಹತ್ತಿರದ ನನಗೂ ಕೇಳಿಸ್ತು. "ಕಿಮ್ಚಿ ಸೇವೆಯಂತೆ" ಅಂದ್ಲು ಓಕ್‌ಬುನ್, ಹಲ್ಲು ಕಚ್ಚಿ.

ಪರಿಚಯ ಮುಗಿಯಲಿಲ್ಲ. ಗಣ್ಯರು ಒಂದು ಸಾಲು ತುಂಬಿ ಎರಡನೇ ಸಾಲಿಗೂ ಉಕ್ಕಿದ್ರು. ಮಾಜಿಗಳು ಮುಗಿದು ಹಾಲಿಗಳು, ಹಾಲಿಗಳು ಮುಗಿದು ಮುಂದೆ ಆಗಬೇಕು ಅಂದ್ಕೊಂಡಿರೋರು. ಬರದೇ ಇದ್ದವರ ಹೆಸರನ್ನೂ ಓದಿದ ಮೇಂಗ್, ಆಮೇಲೆ ಬಂದುಬಿಟ್ರೆ ಏನ್ ಗತಿ ಅಂತ. ಆಮೇಲೆ ಭಾಷಣಗಳು. ಟಾಕ್ ಅಧ್ಯಕ್ಷರು ಸಂಗೀತಕ್ಕೂ ಪಕ್ಕೆಲುಬಿಗೂ ಇರೋ ಸಂಬಂಧ ವಿವರಿಸಿದ್ರು. ಮಾಮೂಲಿನಂತೆ ಗಣ್ಯರು ಎದ್ದು ಹೋಗಿದ್ರೆ ಹೇಗೋ ಬಚಾವಾಗ್ತಿದ್ವಿ. ಆದ್ರೆ ಹನ್‌ಬೋಕ್ ಹೆಂಗಸರ ಜೊತೆ ಫೋಟೋ ಚೆನ್ನಾಗಿ ಬರುತ್ತೆ ಅಂತ ಮೇಂಗ್ ಫೋಟೋವನ್ನ ಕೊನೆಗೆ ಇಟ್ಟಿದ್ದ. ಯಾರೂ ಅಲ್ಲಾಡಲಿಲ್ಲ. ನಿಂತು ನಿಂತು ಹೆಂಗಸರ ಕಾಲು ಮರಗಟ್ಟಿದ್ವು. ಸಂಗೀತದ ಮೇಷ್ಟ್ರಮ್ಮ ಗಡಿಯಾರ ತೋರಿಸಿ ಮೇಂಗ್‌ನ ಕೋಟು ಜಗ್ಗಿದ್ಲು. ಒಂದು ಹಾಡು ಮುಗೀತು, ಎರಡನೆಯದು ಅರ್ಧ ಮುಗೀತು, ಮೇಂಗ್ ಓಡಿ ಬಂದ.

"ಸಮಯದ ಅಭಾವದಿಂದ ಉಳಿದ ಹಾಡುಗಳನ್ನೂ ಕೊನೆಯ ಒಂಟಿ ಗಾಯನವನ್ನೂ ಕೈಬಿಡಲಾಗಿದೆ, ಕ್ಷಮೆಯಿರಲಿ. ಈಗ ಸಮಾರೋಪ ನುಡಿ, ಪ್ಯೋ ಮನ್‌ಸಿಕ್ ಅಧ್ಯಕ್ಷರಿಂದ!"

ಓಕ್‌ಬುನ್ ಮುಖದಲ್ಲಿ ರಕ್ತವೇ ಇರಲಿಲ್ಲ. ಹನ್‌ಬೋಕಿನ ಅಂಚನ್ನ ಎರಡೂ ಕೈಯಲ್ಲಿ ಹಿಂಡ್ತಾ ನಿಂತಿದ್ಲು. ನನಗೆ ಎಷ್ಟು ಸಿಟ್ಟು ಬಂತು ಅಂದ್ರೆ, ಕೈಗೆ ಸಿಕ್ಕ ಹೂವಿನ ಸ್ಟ್ಯಾಂಡೊಂದನ್ನ ಎತ್ತಿ ಮುಂದಿನ ಸಾಲಿಗೆ ಎಸೀಬೇಕು ಅನ್ನಿಸ್ತು.

ಮನ್‌ಸಿಕಣ್ಣ ವೇದಿಕೆ ಹತ್ತಿದ. ಮೈಕ್ ಮುಂದೆ ನಿಂತು "ಕಾಲ ಬದಲಾಗ್ತಿದೆ..." ಅಂತ ಶುರುಮಾಡಿ, ಹೆಂಡತಿ ಕಡೆ ತಿರುಗಿ ನೋಡಿ, ನಿಲ್ಲಿಸಿಬಿಟ್ಟ. ಎದೆಯ ಹೂವನ್ನ ಕಿತ್ತು ಕೈಯಲ್ಲಿ ಹಿಡ್ಕೊಂಡ.

"ನಾನು ಅಧ್ಯಕ್ಷ ಅಲ್ಲ. ಬಾಯ್ಲರ್ ರಿಪೇರಿಯವನು. ಈ ಹೂವು ನಾನೇ ಕೊಂಡ್ಕೊಂಡಿದ್ದು. ಅಲ್ಲಿ ನಿಂತಿದ್ದಾಳಲ್ಲ, ಅವಳು ನನ್ನ ಹೆಂಡತಿ. ಈ ಒಂದು ಹಾಡಿಗೆ ಇಡೀ ವರ್ಷ ಒದ್ದಾಡಿದ್ದಾಳೆ. ನನ್ನ ಮಾತಿನ ಹೊತ್ತನ್ನ ಅವಳಿಗೆ ಕೊಟ್ಟುಬಿಡಿ."

ಓಕ್‌ಬುನ್ ಕಣ್ಣು ತುಂಬ್ಕೊಂಡ್ಲು. ಮೇಷ್ಟ್ರಮ್ಮ ಕೈಯೆತ್ತಿ ಪಿಯಾನೋದವಳಿಗೆ ಸನ್ನೆ ಮಾಡಿದ್ಲು. ಇನ್ನೇನು ಮೊದಲ ಸ್ವರ ಬರಬೇಕು, ಅಷ್ಟರಲ್ಲಿ ಟಾಕ್ ಚಂಗನೆ ಎದ್ದು ಮೈಕ್ ಕಿತ್ಕೊಂಡ.

"ನೋಡಿದ್ರಾ ವಿನಯ ಅಂದ್ರೆ ಏನು ಅಂತ! ಇಷ್ಟು ದೊಡ್ಡ ಮನುಷ್ಯರು ತಮ್ಮನ್ನ ರಿಪೇರಿಯವನು ಅಂತ ಕರ್ಕೊಳ್ತಾರೆ! ಹಾಗಾದ್ರೆ ನಾನು ಯಾರು? ಒಬ್ಬ ಸಾಧಾರಣ ಸಾರು ಕಾಯಿಸೋನು! ನಾನೂ ನನ್ನ ಹೊತ್ತನ್ನ ಆ ತಾಯಿಗೆ ಬಿಟ್ಟುಕೊಡ್ತೀನಿ. ಈ ಬಗ್ಗೆ ಎರಡು ಮಾತು..."

"ಬೇಡಪ್ಪಾ, ಹಾಡಲಿ ಬಿಡಿ!" ಅಂತ ಮನ್‌ಸಿಕಣ್ಣ ಕೂಗಿದ.

"ಆಹಾ, ನೋಡಿ, ಎಷ್ಟು ಸಂಕೋಚ!" ಅಂದ ಟಾಕ್. ಚಪ್ಪಾಳೆಯೋ ಚಪ್ಪಾಳೆ.

ವಿನಯದಲ್ಲಿ ಟಾಕ್ ಒಬ್ಬನೇ ಗೆದ್ದುಬಿಟ್ರೆ ಉಳಿದವರ ಗತಿಯೇನು? ಮಾಜಿ ಸದಸ್ಯರು ಎದ್ದು ತಾವು ಹುಟ್ಟಾ ಬಡವರು ಅಂತ ಹೇಳಿ ತಮ್ಮ ಹೊತ್ತು ಬಿಟ್ಟುಕೊಟ್ರು. ಸಂಶೋಧನಾ ಕೇಂದ್ರದವರು ಎದ್ದು ವಿಜ್ಞಾನದ ಮುಂದೆ ಮನುಷ್ಯ ಧೂಳು ಅಂತ ಸವಿಸ್ತಾರವಾಗಿ ಹೇಳಿ ಬಿಟ್ಟುಕೊಟ್ರು. ಒಬ್ಬೊಬ್ಬರಾಗಿ ಸಾಲುಗಟ್ಟಿ ಬಂದು, ಓಕ್‌ಬುನ್‌ಗೆ 'ತಾಯಿ' ಅಂತ ಕೈಮುಗಿದು, ಅವಳ ಹೊತ್ತನ್ನೆಲ್ಲ ತಿಂದು, ಅವಳಿಗೇ ದಾನ ಮಾಡಿ ಹೋದ್ರು. ಕೊನೆಗೆ ಮೇಂಗ್ ಎಲ್ಲರನ್ನೂ ಸೇರಿಸಿ ಮುಷ್ಟಿ ಎತ್ತಿಸಿದ. "ಫೈಟಿಂಗ್!" ಫೋಟೋ ಆಯ್ತು. ಆದ ತಕ್ಷಣ ಸಭಾಂಗಣದವನು ಮೈಕ್ ಬಂದ್ ಮಾಡಿ, ವೇದಿಕೆ ದೀಪ ಆರಿಸಿದ. ಹೊತ್ತು ಮುಗಿದಿತ್ತು.

ಗಣ್ಯರು ಮನ್‌ಸಿಕಣ್ಣನ ಎರಡೂ ರಟ್ಟೆ ಹಿಡ್ಕೊಂಡ್ರು.

"ಇಂಥಾ ವಿನಯವಂತರನ್ನ ಊಟ ಇಲ್ಲದೆ ಬಿಡೋದುಂಟೇ? ನಡೀರಿ, ಸಾರು ಕುದೀತಿದೆ!"

"ಬಿಡ್ರೀ, ನನ್ನ ಹೆಂಡತಿ ಹಾಡ್ಬೇಕು..."

"ಅಮ್ಮೋರನ್ನ ಆಮೇಲೆ ಕರೆಸೋಣ, ನಡೀರಿ!"

ಅವನ ಕಾಲು ನೆಲಕ್ಕೇ ತಾಗ್ತಿರಲಿಲ್ಲ. ತಿರುಗಿ ತಿರುಗಿ ನೋಡ್ತಾ ಬಾಗಿಲಾಚೆ ಹೋದ. ಹಿಡ್ಕೊಂಡಿದ್ದ ಹೂವು ನಡುಮಧ್ಯದ ಕುರ್ಚಿಯ ಮೇಲೆ ಬಿದ್ದಿತ್ತು.

ಆಗ ಓಕ್‌ಬುನ್ ಹಾಡಿದ್ಲು. ಮೈಕ್ ಇಲ್ಲ, ದೀಪ ಇಲ್ಲ, ಪಿಯಾನೋಗೆ ಮುಸುಕು ಹಾಕ್ತಿದ್ರು. ಟೇಕ್ವಾಂಡೋ ಮಕ್ಕಳ ಅಮ್ಮಂದಿರು ಮಡಚೋ ಕುರ್ಚಿ ಹೊತ್ತು ಒಳಗೆ ಬರ್ತಿದ್ರು. ನದಿ ದಡದಲ್ಲಿ ದೋಣಿಗೆ ಕಾಯೋ ಹೆಂಗಸಿನ ಹಾಡು ಅದು. ಮೊದಲ ಚರಣಕ್ಕೆ ಕುರ್ಚಿ ಸದ್ದು ನಿಂತಿತು. ಎರಡನೇ ಚರಣ ಬಂತು, ಇವಳು ಈಗ ಮರೀತಾಳೆ ಅಂದ್ಕೊಂಡೆ. ಅವಳು ನಡುಮಧ್ಯದ ಖಾಲಿ ಕುರ್ಚಿ ನೋಡಿದ್ಲು, ಅಲ್ಲಿ ಬಿದ್ದಿದ್ದ ಹೂವು ನೋಡಿದ್ಲು, ಒಂದಕ್ಷರ ಬಿಡದೆ ಹಾಡಿದ್ಲು. ಬಿಳಿ ಪೋಷಾಕಿನ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ರು. ನಾನು ಗೋಡೆ ಕಡೆ ತಿರುಗಿ ಅತ್ತೆ.

ಮಾರನೇ ದಿನ ಮನ್‌ಸಿಕಣ್ಣ ಅಂಗಡಿಗೆ ಬಂದ. ಮುಖ ಬಾಡಿದ ಎಲೆಕೋಸು. ರಾತ್ರಿ ಹೆಂಡತಿ ಒಂದು ಮಾತೂ ಆಡಿಲ್ಲ, ಬೆಳಗ್ಗೆ ಹೊರಗೆ ಹೋಗಿ ಬರೋಷ್ಟರಲ್ಲಿ ಬಾಗಿಲ ಬೀಗದ ನಂಬರ್ ಬದಲಾಗಿದೆ.

"ಅವಳು ಹಾಡಿದ್ಲಾ?"

"ಹಾಡಿದ್ಲು."

"ಎರಡನೇ ಚರಣ?"

"ಚಿನ್ನದಂಗೆ ಹಾಡಿದ್ಲು. ಊರೆಲ್ಲ ಕೇಳಿತು, ನಿಮ್ಮನ್ನೊಬ್ಬರನ್ನ ಬಿಟ್ಟು. ಸಾರು ಹೇಗಿತ್ತು ಅಧ್ಯಕ್ಷರೇ?"

ತಲೆ ತಗ್ಗಿಸಿದ. ಆಮೇಲೆ, ಅಂಗಡಿಯಲ್ಲಿರೋದ್ರಲ್ಲೇ ದೊಡ್ಡ, ಮೂರು ಅಂತಸ್ತಿನ ಹೂವಿನ ಸ್ಟ್ಯಾಂಡ್ ಬೇಕು ಅಂದ. ಉದ್ಘಾಟನೆಗೂ ಸಾವಿಗೂ ಕಳಿಸ್ತೀವಲ್ಲ, ಅದು. ಅದರ ಎರಡು ಕಡೆ ರಿಬ್ಬನ್ ಇಳಿಬಿಟ್ಟು, ಒಂದರಲ್ಲಿ ಶುಭಾಶಯ, ಇನ್ನೊಂದರಲ್ಲಿ ಕಳಿಸಿದವರ ಹೆಸರು, ಹುದ್ದೆ ಬರೀತೀವಿ.

"ಶುಭಾಶಯ ಏನಂತ ಬರೀಲಿ?"

"ಎರಡನೇ ಚರಣ ಮರೆಯದೆ ಹಾಡಿದ್ದಕ್ಕೆ."

"ಕಳಿಸಿದವರು?"

"ಮನ್‌ಸಿಕ್ ಅಂತ ಬರಿ. ಅಷ್ಟೇ."

ಅದನ್ನ ನಾವಿಬ್ಬರೂ ಎತ್ಕೊಂಡು ನಾಲ್ಕನೇ ಮಹಡಿ ಹತ್ತಿಸಿ ಅವನ ಬಾಗಿಲ ಮುಂದೆ ನಿಲ್ಲಿಸೋಷ್ಟರಲ್ಲಿ ಅಕ್ಕಪಕ್ಕದ ಬಾಗಿಲೆಲ್ಲ ತೆರೆದುಕೊಂಡ್ವು. ಎದುರು ಮನೆ ಅಜ್ಜಿ ಸ್ಟ್ಯಾಂಡಿನ ಹಿಂದಿದ್ದ ಮನ್‌ಸಿಕಣ್ಣನನ್ನ ನೋಡದೆ ನನ್ನ ಕೈ ಹಿಡ್ಕೊಂಡು "ಯಾವಾಗ ಹೋದನಮ್ಮಾ? ಮೊನ್ನೆಯಷ್ಟೇ ಚೆನ್ನಾಗಿದ್ದನಲ್ಲಾ!" ಅಂತ ಕಣ್ಣೀರು ಹಾಕಿದ್ರು. "ನಾನಿಲ್ಲೇ ಇದ್ದೀನಜ್ಜಿ" ಅಂತ ಹೂವಿನ ಹಿಂದಿನಿಂದ ತಲೆ ಹೊರಹಾಕಿದ ಕೂಡ್ಲೇ ಅಜ್ಜಿ ಕಿಟಾರನೆ ಕಿರುಚಿದ್ರು.

ಆ ಗಲಾಟೆಗೆ ಓಕ್‌ಬುನ್ ಬಾಗಿಲು ತೆರೆದ್ಲು. ಮೈಮೇಲೆ ದಪ್ಪ ಕೋಟು. ರಿಬ್ಬನ್ ಹಿಡಿದು ಮೇಲಿನಿಂದ ಕೆಳಗೆ ಓದಿದ್ಲು. ಗಂಡನನ್ನ ನೋಡಿದ್ಲು.

"ಗಣ್ಯರ ಪರಿಚಯ ಆಯ್ತಾ?"

"ಆಯ್ತು ಕಣೇ..."

"ಹಾಗಾದ್ರೆ ಗಣ್ಯರು ಹೊರಡಬಹುದು."

ಬಾಗಿಲು ಹಾಕ್ಕೊಂಡ್ಲು. ನೆರೆಹೊರೆಯವರು ಅಯ್ಯೋ ಅಂದ್ಕೊಂಡು ಒಳಗೆ ಹೋದ್ರು. ಮನ್‌ಸಿಕಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಅಂಗಡಿ ಬಿಟ್ಟು ಬಂದಿದ್ದೆ, ಆದ್ರೂ ಕಾಲು ಏಳಲಿಲ್ಲ, ನಾನೂ ಒಂದು ಮೆಟ್ಟಿಲು ಕೆಳಗೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾತ್ರೆ ತಿಕ್ಕೋ ಸದ್ದು ಬಂತು. ಆ ಸದ್ದಿನ ಜೊತೆ ದೋಣಿಗೆ ಕಾಯೋ ಹೆಂಗಸಿನ ಹಾಡು. ಮೊದಲ ಚರಣ, ಎರಡನೇ ಚರಣ, ಕೊನೇವರೆಗೂ. ಮನ್‌ಸಿಕಣ್ಣ ಅಲ್ಲಾಡದೆ ಕೂತು ಕೇಳಿದ. ವಸಂತದಿಂದ ಇಲ್ಲಿಯವರೆಗೆ ಊರಿನ ಅಷ್ಟೂ ಕಾರ್ಯಕ್ರಮಗಳಿಗೆ ಹೋಗಿದ್ದ ಮನುಷ್ಯ ಪೂರ್ತಿ ಕೂತು ಕೇಳಿದ ಮೊದಲ ಕಾರ್ಯಕ್ರಮ ಅದು. ಮುಗಿದ ಮೇಲೆ ಮೂಗು ಒರೆಸ್ಕೊಂಡು, ಒಬ್ಬನೇ ಚಪ್ಪಾಳೆ ತಟ್ಟಿದ.

ಒಳಗೆ ನೀರು ನಿಂತಿತು. ಹೆಜ್ಜೆ ಸದ್ದು ಬಾಗಿಲವರೆಗೆ ಬಂತು.

"ಯಾರದು?"

"ನಾನು ಕಣೇ."

"ನಾನು ಅಂದ್ರೆ ಯಾರು? ಯಾವ ಸಂಸ್ಥೆಯಿಂದ ಬಂದಿದ್ದೀರಿ?"

"ಯಾವ ಸಂಸ್ಥೆನೂ ಇಲ್ಲ. ಬಾಯ್ಲರ್ ರಿಪೇರಿಯವನು."

ಬೀಗ ಪೀಂಯ್ ಅಂತ ಸದ್ದು ಮಾಡಿ ಬಾಗಿಲು ಚೂರು ತೆರೀತು.

"ಹಾಗಾದ್ರೆ ಒಳಗೆ ಬನ್ನಿ" ಅಂದ್ಲು ಓಕ್‌ಬುನ್. "ಬೆಳಗ್ಗೆಯಿಂದ ಬಾಯ್ಲರ್ ಹತ್ತಿಲ್ಲ."